ವೈಡ್ ಲೆನ್ಸಿಗೆ ಆಟೋಫೋಕಸ್ ಬೇಕೇ ಬೇಕಾ?

ಮುಳ್ಳಯ್ಯನಗಿರಿ, ಶೆಟ್ಟಿಹಳ್ಳಿ ಚರ್ಚು, ಬೇಲೂರು, ಹಳೇಬೀಡು. ನಮ್ಮ ಕಡೆ ಮಿರರ್‌ಲೆಸ್ ಕ್ಯಾಮೆರಾ ಹಿಡಿದವರು ವೈಡ್ ಲೆನ್ಸ್ (ಅಗಲವಾದ ನೋಟ ಹಿಡಿಯೋ ಲೆನ್ಸ್) ಹೊರಗೆ ತೆಗೆಯೋದು ಹೆಚ್ಚಾಗಿ ಇಲ್ಲೇ. ಇವು ಯಾವುವೂ ಎದ್ದು ಓಡಿಹೋಗಲ್ಲ. ಆದರೂ ಆಟೋಫೋಕಸ್ (ಕ್ಯಾಮೆರಾ ತಾನೇ ಫೋಕಸ್ ಹಿಡಿಯೋದು) ಇಲ್ಲದ ವೈಡ್ ಲೆನ್ಸ್ ಅಂದರೆ ಮೂಗು ಮುರೀತಾರೆ. ಮದುವೆಗೆ, ವ್ಲಾಗ್‌ಗೆ ಆಟೋಫೋಕಸ್ ಬೇಕು, ತಕರಾರಿಲ್ಲ. ಬೆಟ್ಟಕ್ಕೂ ಕಂಬಕ್ಕೂ ಅದಕ್ಕೆ ದುಡ್ಡು ಸುರಿಯೋದು ದಂಡ.

ಲೆಕ್ಕ ನೋಡಿ. ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು), 12 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಕಿರಿದು ಮಾಡಿ ಎಫ್/8. ಸುಮಾರು 90 ಸೆಂಟಿಮೀಟರಿಗೆ ಫೋಕಸ್ ಇಟ್ಟರೆ 45 ಸೆಂಟಿಮೀಟರಿನಿಂದ ಹಿಡಿದು ದೂರದ ಗುಡ್ಡದವರೆಗೆ ಎಲ್ಲ ಶಾರ್ಪ್. ಬೇಲೂರಿನ ನವರಂಗದಂಥ ಮಬ್ಬು ಬೆಳಕಲ್ಲಿ ಕಿಂಡಿ ಅಗಲಿಸಿ ಎಫ್/2.8 ಮಾಡಿ 2.6 ಮೀಟರಿಗೆ ಇಟ್ಟರೂ 1.3 ಮೀಟರಿನಿಂದಾಚೆ ಎಲ್ಲ ಸಿಗುತ್ತೆ. ರಿಂಗ್ ಮೇಲೆ ಒಂದು ಚೂರು ಟೇಪ್ ಅಂಟಿಸಿದರೆ ಫೋಕಸ್ ಕೆಲಸ ಅಲ್ಲಿಗೆ ಮುಗೀತು. ದೂರದ ಗುಡ್ಡವೇ ಮುಖ್ಯವಾದರೆ ಫೋಕಸನ್ನು ಇನ್ನೂ ಸ್ವಲ್ಪ ದೂರಕ್ಕೆ ತಳ್ಳಿ.

ಎಪಿಎಸ್-ಸಿಗೆ ನನ್ನ ಓಟು ಸಮ್ಯಾಂಗ್ 12 ಎಂಎಂ ಎಫ್/2ಕ್ಕೆ. ಮಾಡೆಲ್ ಹಳೆಯದು, ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಮುಂದೆ 67 ಎಂಎಂ ಫಿಲ್ಟರ್ ಕೂರುತ್ತೆ. ಕಂಬದ ಗೆರೆ ನೇರ ಬರಲೇಬೇಕು ಅಂದರೆ ಲಾವಾ (Laowa) 9 ಎಂಎಂ ಎಫ್/2.8 ನೋಡಿ, ಬೆಲೆ ಜಾಸ್ತಿ. ಫುಲ್ ಫ್ರೇಮ್‌ನವರಿಗೆ ಸಮ್ಯಾಂಗ್ 14 ಎಂಎಂ ಎಫ್/2.8 ಇದೆ. ಆದರೆ ಅದರ ಮುಂದಿನ ಗಾಜು ಉಬ್ಬಿದೆ, ಫಿಲ್ಟರ್ ಹಾಕೋಕಾಗಲ್ಲ, ನೇರ ಗೆರೆ ಮೀಸೆಯ ಥರ ಅಲೆ ಅಲೆಯಾಗಿ ಬರುತ್ತೆ. ಸಾಫ್ಟ್‌ವೇರ್‌ನಲ್ಲಿ ಆ ಲೆನ್ಸಿಗೆಂದೇ ಇರೋ ತಿದ್ದುಪಡಿ ಪ್ರೊಫೈಲ್ ಹಾಕದೆ ಸರಿಹೋಗಲ್ಲ. ಇನ್ನು 7.5 ಎಂಎಂ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯೋ ಮೊದಲು ಪೆಟ್ಟಿಗೆ ಮೇಲೆ ಫಿಶ್‌ಐ ಅಂತ ಬರೆದಿದೆಯಾ ನೋಡಿ. ಅದರಲ್ಲಿ ಹೊಯ್ಸಳರ ಕಂಬ ಬಾಳೆಕಾಯಿ ಆಗುತ್ತೆ.

ಡಿಎಸ್ಎಲ್ಆರ್ ಮೌಂಟಿನ ಹಳೇ ಲೆನ್ಸಿಗೆ ಅಡಾಪ್ಟರ್ (ಕ್ಯಾಮೆರಾಗೆ ಜೋಡಿಸೋ ಉಂಗುರ) ಹಾಕೋರು ಒಂದು ತಿಳಿದಿರಿ. ಅಡಾಪ್ಟರ್ ಇರಬೇಕಾದ್ದಕ್ಕಿಂತ ಬರೀ 0.1 ಮಿಲಿಮೀಟರ್ ಹೆಚ್ಚು ದಪ್ಪ ಇದ್ದರೂ 14 ಎಂಎಂ ಲೆನ್ಸಿನ ಇನ್ಫಿನಿಟಿ (ಅತಿ ದೂರ) ಗುರುತು ಸುಮಾರು 2 ಮೀಟರಿಗೆ ಇಳಿದುಬಿಡುತ್ತೆ. ಅದಕ್ಕೇ ಎಷ್ಟೋ ಲೆನ್ಸ್‌ಗಳ ರಿಂಗ್ ಇನ್ಫಿನಿಟಿ ದಾಟಿಯೂ ತಿರುಗುತ್ತೆ, ಮೇಲಿನ ಗುರುತನ್ನು ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ರಾತ್ರಿ ದೂರದ ಟವರ್ ದೀಪವನ್ನೋ ನಕ್ಷತ್ರವನ್ನೋ ಲೆನ್ಸ್ ಪೂರ್ತಿ ತೆರೆದು ಮ್ಯಾಗ್ನಿಫೈ ಮಾಡಿ, ಚುಕ್ಕಿ ಅತಿ ಚಿಕ್ಕದಾದ ಕಡೆ ನೀವೇ ಗುರುತು ಹಾಕಿಕೊಳ್ಳಿ. ಫೋಕಸ್ ಪೀಕಿಂಗ್ (ಶಾರ್ಪ್ ಇರೋ ಅಂಚಿಗೆ ಪರದೆ ಮೇಲೆ ಬಣ್ಣ ಹಚ್ಚಿ ತೋರಿಸೋದು) ನಂಬಬೇಡಿ, ವೈಡ್‌ನಲ್ಲಿ ಅದು ಪರದೆ ತುಂಬ ಮಿನುಗುತ್ತೆ.

ಲೆನ್ಸ್ ಹಾಕಿದರೂ ಶಟರ್ ಬೀಳ್ತಿಲ್ಲ ಅಂತ ಗಾಬರಿ ಬೇಡ. ಚಿಪ್ ಇಲ್ಲದ್ದರಿಂದ ಲೆನ್ಸೇ ಇಲ್ಲ ಅಂತ ಕ್ಯಾಮೆರಾ ಅಂದುಕೊಂಡಿದೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಅನ್ನೋದನ್ನು ಆನ್ ಮಾಡಿ. ಕ್ಯಾಮೆರಾ ಬಾಡಿಯಲ್ಲೇ ಸ್ಟೆಬಿಲೈಸೇಷನ್ (ಕೈ ನಡುಕ ತಿದ್ದೋದು) ಇದ್ದರೆ ಫೋಕಲ್ ಲೆಂಗ್ತ್ ಕೈಯಾರೆ ತುಂಬಬೇಕು. 12 ಎಂಎಂ ಲೆನ್ಸಿಗೆ 12 ಅಂತಲೇ ಹಾಕಿ, ಎಪಿಎಸ್-ಸಿ ಅಂತ 1.5ರಿಂದ ಗುಣಿಸಿ 18 ಅಂತ ಹಾಕಿದರೆ ಅಗತ್ಯಕ್ಕಿಂತ ಜಾಸ್ತಿ ತಿದ್ದಿ ಫೋಟೋ ಕದಲುತ್ತೆ.

ನಿಜವಾದ ಜೂಜು ಇರೋದು ನಿಮ್ಮ ಕೈಗೆ ಬರೋ ಪೀಸು ಹೇಗಿದೆ ಅನ್ನೋದರಲ್ಲಿ. ಅಗ್ಗದ ಲೆನ್ಸ್‌ಗಳಲ್ಲಿ ಒಳಗಿನ ಗಾಜು ಒಂದು ಕಡೆ ವಾಲಿರೋದು ಅಪರೂಪ ಅಲ್ಲ. ವಾಪಸ್ ಕೊಡೋ ಅವಧಿ ಮುಗಿಯೋ ಮೊದಲೇ ಪರೀಕ್ಷೆ ಮಾಡಿ. ಟ್ರೈಪಾಡ್ ಹಾಕಿ, ದೂರದ ಒಂದು ಮೊಬೈಲ್ ಟವರ್ ನಡುವೆ ಇಟ್ಟು ಫೋಕಸ್ ಮಾಡಿ, ಆಮೇಲೆ ರಿಂಗ್ ಮುಟ್ಟಬೇಡಿ. ಅದೇ ಟವರ್ ನಾಲ್ಕು ಮೂಲೆಗೂ ಒಂದೊಂದು ಸಲ ಬರೋ ಹಾಗೆ ಎಫ್/2.8ರಲ್ಲೂ ಎಫ್/8ರಲ್ಲೂ ತೆಗೆದು ನೂರು ಪರ್ಸೆಂಟ್ ಹಿಗ್ಗಿಸಿ ನೋಡಿ. ನಾಲ್ಕೂ ಮೂಲೆ ಒಂದೇ ಸಮ ಮಂಕಾಗಿದ್ದರೆ ಅದು ಲೆನ್ಸಿನ ಡಿಸೈನು, ಸಹಿಸಿಕೊಳ್ಳಿ. ಎಡಗಡೆ ಮಾತ್ರ ಮಂಕು, ಎಫ್/8ರಲ್ಲೂ ಹಾಗೇ ಅಂದರೆ ಮಾತೇ ಇಲ್ಲ, ವಾಪಸ್.

ಸೆಕೆಂಡ್ ಹ್ಯಾಂಡ್ ಆದರೆ, ಅದರಲ್ಲೂ ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲ ಕಳೆದ ಲೆನ್ಸ್ ಆದರೆ, ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಧೂಳಿನ ಕಣ ಇದ್ದರೆ ಪರವಾಗಿಲ್ಲ, ಫೋಟೋದಲ್ಲಿ ಕಾಣಲ್ಲ. ಜೇಡರಬಲೆ ಥರ ಎಳೆ ಕಂಡರೆ ಫಂಗಸ್. ಅದು ಕೋಟಿಂಗ್ ತಿಂದಿದ್ದರೆ ಬಿಚ್ಚಿ ಒರೆಸಿದರೂ ಕಲೆ ಹೋಗಲ್ಲ. ಎಷ್ಟೇ ಕಮ್ಮಿಗೆ ಕೊಡ್ತೀನಿ ಅಂದರೂ ಬೇಡ ಅನ್ನಿ.