ಸತ್ಯಾಂಶ: ಆಳಕ್ಕೆ ಕೊರೆದಷ್ಟೂ ನೀರು ಸಿಗುತ್ತಾ?

ಸಾವಿರ ಅಡಿ ಕೆಳಗೆ ನದಿ ಹರಿಯುತ್ತೆ, ಬೋರ್ ಇನ್ನಷ್ಟು ಇಳಿಸಿದರೆ ಸಾಕು ಅನ್ನೋ ಮೆಸೇಜ್ ಬೇಸಿಗೆ ಬಂತೆಂದರೆ ಮತ್ತೆ ಓಡಾಡುತ್ತದೆ. ನಮ್ಮ ಕೊಪ್ಪಳ, ಕುಷ್ಟಗಿ ಕಡೆ ಇದು ನಿಜವಲ್ಲ. ಇಲ್ಲಿ ಮಣ್ಣಿನ ಕೆಳಗಿರುವುದು ಗಟ್ಟಿ ಕಲ್ಲು, ಬಹುಪಾಲು ಗ್ರಾನೈಟ್ ಜಾತಿಯದು. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ, ಕೆಳಗೆ ಹೋದಂತೆ ಸಾಮಾನ್ಯವಾಗಿ ಆ ಬಿರುಕುಗಳೂ ಕಮ್ಮಿಯಾಗುತ್ತವೆ. ಆಳದಲ್ಲಿ ಸಿಗೋದೇ ಇಲ್ಲ ಅಂತಲ್ಲ, ಸಿಕ್ಕರೂ ಅದು ಮೇಲಿನ ಮಳೆನೀರೇ ಇಳಿದದ್ದು. ಬೋರ್ ಒಣಗಿದವರು ಇಂಥದ್ದನ್ನು ನಂಬುವುದು ಸಹಜ, ಅಲ್ವಾ?

ಕೊರೆಸುವ ಮೊದಲು ಅಕ್ಕಪಕ್ಕದ ನಾಲ್ಕು ಹೊಲದವರನ್ನು ಕೇಳಿ: ಎಷ್ಟು ಅಡಿಗೆ ನೀರು ಬಂತು, ಆಮೇಲೆ ಎಷ್ಟು ಅಡಿ ಬರೀ ಬೂದಿಯಂಥ ಪುಡಿ ಹಾರಿತು. ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ನೀರಿನ ಮಟ್ಟದ ಲೆಕ್ಕ ಇರುತ್ತದೆ, ಮಳೆಗಾಲದ ಮುಂಚಿನದು, ನಂತರದ್ದು ಎರಡನ್ನೂ ಹೋಲಿಸಿ ನೋಡಿ.