ಬರಬೇಡಿ ಎಂದವರ ದಡಕ್ಕೆ

ಕಳೆದ ಭಾನುವಾರ ನಮ್ಮ ಯುವಜನ ಕೂಟಕ್ಕೆ ಅತಿಥಿಯಾಗಿ ಬಂದಿದ್ದ ಬೋಧಕರೊಬ್ಬರು ಜಾನ್ ಅಲೆನ್ ಚೌ ಎಂಬ ಅಮೆರಿಕದ ಯುವಕನನ್ನು ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಯೆಂದು ಕೊಂಡಾಡಿ, "ನಿಮ್ಮಲ್ಲಿ ಯಾರು ಇವರಂತೆ ಹೊರಡಲು ಸಿದ್ಧ?" ಎಂದು ಕೇಳಿ ಮಕ್ಕಳಿಂದ ಕೈ ಎತ್ತಿಸಿದರು. ಇನ್ನೂ ಪಿಯುಸಿ ಮುಗಿಸದ ಮಕ್ಕಳು ಕಣ್ಣು ತುಂಬಿಕೊಂಡು ಕೈ ಎತ್ತಿದ್ದನ್ನು ಕಂಡು ನನಗಾದ ಸಂಕಟ ಇನ್ನೂ ಇಳಿದಿಲ್ಲ. ನಾನು ಯಾವ ಮನೆಯವಳೆಂದು ನಿಮಗೆ ಗೊತ್ತೇ ಇದೆ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಗಳು ನಾನು. ಸುವಾರ್ತೆಯ ಮೇಲೆ ನನಗೆ ದ್ವೇಷವಿದೆ ಎಂದು ದಯವಿಟ್ಟು ಯಾರೂ ಬರೆಯಬೇಡಿ.

ಕೂಟದಲ್ಲಿ ಹೇಳದೆ ಬಿಟ್ಟ ಸಂಗತಿಗಳೇ ಹೆಚ್ಚು. 2018ರ ನವೆಂಬರಿನಲ್ಲಿ, 26 ವರ್ಷದ ಚೌ ಅಂಡಮಾನಿನ ಮೀನುಗಾರರಿಗೆ 25,000 ರೂಪಾಯಿ ಕೊಟ್ಟು, ಕಾವಲು ಪಡೆಯ ಕಣ್ಣು ತಪ್ಪಿಸಿ, ಕಾನೂನು ನಿಷೇಧಿಸಿರುವ ನಾರ್ತ್ ಸೆಂಟಿನೆಲ್ ದ್ವೀಪಕ್ಕೆ ಕತ್ತಲಲ್ಲಿ ಹೋದರು. ದಟ್ಟ ಕಾಡಿನ ಆ ದ್ವೀಪದ ಜನ ಹೊರಗಿನವರನ್ನು ಬಿಟ್ಟುಕೊಳ್ಳುವುದಿಲ್ಲ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ದಿನ ಮೀನು ಹಿಡಿದುಕೊಂಡು ದಡ ಸೇರಿ, ಯೇಸು ನಿಮ್ಮನ್ನು ಪ್ರೀತಿಸುತ್ತಾನೆಂದು ಇಂಗ್ಲಿಷಿನಲ್ಲಿ ಕೂಗಿದಾಗ, ಒಬ್ಬ ಹುಡುಗ ಬಿಟ್ಟ ಬಾಣ ಆತ ಎದೆಗವಚಿಕೊಂಡಿದ್ದ ಸತ್ಯವೇದಕ್ಕೆ ನಾಟಿತು. ಆತ ಈಜಿಕೊಂಡು ದೋಣಿಗೆ ಮರಳಿದರು, ನಡೆದದ್ದನ್ನೆಲ್ಲ ದಿನಚರಿಯಲ್ಲಿ ಬರೆದರು, ಮರುದಿನ ಮತ್ತೆ ಹೋಗಿ ದ್ವೀಪದವರ ಕೈಯಲ್ಲಿ ಸತ್ತರು. ನನ್ನ ತಕರಾರು ಇರುವುದು ಆ ಮರುದಿನದ ಬಗ್ಗೆ. ಮೊದಲ ದಿನ ಹೋದದ್ದು ಅವಿವೇಕ ಎನ್ನಬಹುದು. ಬಾಣ ತಾಗಿದ ಮೇಲೂ ಹೋದದ್ದು, ಆ ಜನರ ಮಾತನ್ನು ಮಾತೆಂದೇ ಎಣಿಸದಿರುವುದು.

ನಾವು ಓದುವ ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕರ್ತನೇ ಶಿಷ್ಯರಿಗೆ ಹೇಳಿದ್ದೇನು? ನಿಮ್ಮನ್ನು ಸೇರಿಸಿಕೊಳ್ಳದ ಊರನ್ನು ಬಿಟ್ಟು ಹೊರಡಿ, ಕಾಲಿನ ಧೂಳನ್ನು ಅಲ್ಲೇ ಝಾಡಿಸಿಬಿಡಿ ಎಂದು. ಬೋಧಕರಿಗೆ ಈ ವಚನ ತಿಳಿಯದೆ ಇರಲು ಸಾಧ್ಯವೇ?

ಸೆಂಟಿನೆಲಿನವರ ಭಯ ಕಾಡುಜನರ ಮೂರ್ಖತನ ಎನ್ನುವವರು 1880ರಲ್ಲಿ ಏನಾಯಿತೆಂದು ಓದಬೇಕು. ಮಾರಿಸ್ ವಿಡಾಲ್ ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿಂದ ಒಬ್ಬ ಮುದುಕ, ಒಬ್ಬಳು ಮುದುಕಿ ಮತ್ತು ನಾಲ್ವರು ಮಕ್ಕಳನ್ನು ಹಿಡಿದು ಪೋರ್ಟ್ ಬ್ಲೇರಿಗೆ ತಂದನು. ಆರೂ ಜನ ಕಾಯಿಲೆ ಬಿದ್ದರು, ಹಿರಿಯರಿಬ್ಬರು ಸತ್ತರು, ಮಕ್ಕಳ ಕೈಗೆ ಒಂದಿಷ್ಟು ಉಡುಗೊರೆ ಕೊಟ್ಟು ದ್ವೀಪಕ್ಕೆ ಮರಳಿ ಬಿಡಲಾಯಿತು. ಆ ಮಕ್ಕಳು ಯಾವ ರೋಗವನ್ನು ಹೊತ್ತು ಮನೆಗೆ ಹೋದರೋ ದೇವರೇ ಬಲ್ಲ. ನೆರೆಯ ಗ್ರೇಟ್ ಅಂಡಮಾನಿನವರು 19ನೇ ಶತಮಾನದ ನಡುವಿನಲ್ಲಿ ಸಾವಿರಾರು ಮಂದಿಯಿದ್ದರು, ಇಂದು ಐವತ್ತರ ಆಸುಪಾಸು ಮಂದಿ. ಅಂಡಮಾನಿನದೇ ಇನ್ನೊಂದು ಬುಡಕಟ್ಟಾದ ಜಾರವಾ ಜನ ಕಾಡಿನಿಂದ ಹೊರಬಂದು ನಮ್ಮವರೊಡನೆ ಬೆರೆಯತೊಡಗಿದ ಸ್ವಲ್ಪ ಸಮಯದಲ್ಲೇ, 1999ರಲ್ಲಿ, ಅವರಲ್ಲಿ ದಡಾರ ಹರಡಿತು. ಚೌ ಮೊದಲೇ ಲಸಿಕೆ ಹಾಕಿಸಿಕೊಂಡಿದ್ದರು, ಕೆಲವು ದಿನ ಒಂಟಿಯಾಗಿದ್ದರು ಎಂದು ಅವರ ಪರ ಮಾತನಾಡುವವರು ಹೇಳುತ್ತಾರೆ. ಲಸಿಕೆ ಮುಖ್ಯವಾಗಿ ಕಾಯುವುದು ಹಾಕಿಸಿಕೊಂಡವನನ್ನು. ನಮಗೆ ಎರಡು ದಿನದ ನೆಗಡಿಯಾಗಿ ಹೋಗುವುದು, ಅದನ್ನು ಎಂದೂ ಕಾಣದ ಆ ಸಣ್ಣ ಸಮುದಾಯದ ಅರ್ಧ ಜನರನ್ನು ಮುಗಿಸಬಹುದು.

ಕೂಟ ಮುಗಿದ ಮೇಲೆ ಹಿರಿಯರೊಬ್ಬರು, "ಹಾಗೆ ನೋಡಿದರೆ ಮೋಗ್ಲಿಂಗ್, ಕಿಟೆಲರೂ ಬರಬಾರದಿತ್ತಲ್ಲಮ್ಮಾ?" ಎಂದರು. ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ ಆ ಇಬ್ಬರು ಜರ್ಮನ್ ಮಿಷನರಿಗಳ ಮೇಲೆ ನನಗಿರುವ ಗೌರವಕ್ಕೆ ಮಿತಿಯಿಲ್ಲ. ಆದರೆ ಶತಮಾನಗಳಿಂದ ಅರಬರೂ ಪೋರ್ಚುಗೀಸರೂ ಬಂದು ಹೋಗುತ್ತಿದ್ದ ಮಂಗಳೂರಿನ ಬಂದರಿಗೂ ಸೆಂಟಿನೆಲಿಗೂ ಎಲ್ಲಿಯ ಹೋಲಿಕೆ? ಇಲ್ಲಿಯ ಜನ ಅವರೊಡನೆ ವಾದ ಮಾಡಬಲ್ಲವರಾಗಿದ್ದರು, ಶಾಲೆಯನ್ನು ಸ್ವೀಕರಿಸಿ ಧರ್ಮವನ್ನು ಬೇಡವೆನ್ನಬಲ್ಲವರಾಗಿದ್ದರು, ಬಹುಪಾಲು ಜನ ಹಾಗೆಯೇ ಮಾಡಿದರು. 1843ರಲ್ಲಿ ಮೋಗ್ಲಿಂಗ್ ಪತ್ರಿಕೆ ಹೊರಡಿಸಿದ್ದು, 1894ರಲ್ಲಿ ಕಿಟೆಲರ ಶಬ್ದಕೋಶ ಹೊರಬಂದದ್ದು, ಜನರ ನಡುವೆ ಎಷ್ಟೋ ವರ್ಷ ಕೂತು ಅವರ ಮಾತು ಕೇಳಿಸಿಕೊಂಡದ್ದರ ಫಲ.

1991ರ ಜನವರಿಯಲ್ಲಿ ಮಾನವಶಾಸ್ತ್ರಜ್ಞೆ ಮಧುಮಾಲಾ ಚಟ್ಟೋಪಾಧ್ಯಾಯರಿದ್ದ ತಂಡ ನೀರಿಗೆ ಬಿಟ್ಟ ತೆಂಗಿನಕಾಯಿಗಳನ್ನು ಸೆಂಟಿನೆಲಿನವರು ಬಂದು ಎತ್ತಿಕೊಂಡದ್ದನ್ನು ನಾನೂ ಬಲ್ಲೆ. ಹಾಗೆ ಬಾಗಿಲು ತೆರೆದಂತೆ ಕಂಡ ಮೇಲೂ ಸರ್ಕಾರವೇ ಆ ಭೇಟಿಗಳನ್ನು ಕೆಲವು ವರ್ಷಗಳಲ್ಲಿ ನಿಲ್ಲಿಸಿತು. ನಮ್ಮ ಸರ್ಕಾರಗಳು ಆದಿವಾಸಿಗಳ ವಿಷಯದಲ್ಲಿ ತೆಗೆದುಕೊಂಡ ಕೆಲವೇ ವಿವೇಕದ ನಿರ್ಧಾರಗಳಲ್ಲಿ ಇದೂ ಒಂದು. ಆದರೂ 2025ರ ಮಾರ್ಚಿನಲ್ಲಿ ಇನ್ನೊಬ್ಬ ಅಮೆರಿಕದ ಯುವಕ ಅಲ್ಲಿಗೆ ಹೋಗಿ, ದಡದಲ್ಲಿ ಒಂದು ಕೋಕ್ ಡಬ್ಬಿ ಇಟ್ಟು ಬಂದು ಬಂಧನಕ್ಕೊಳಗಾದ. ಅವನಿಗೆ ಧರ್ಮದ ನೆಪವೂ ಇರಲಿಲ್ಲ.

ಚೌ ಸತ್ತದ್ದು ನನಗೆ ದುಃಖದ ಸಂಗತಿಯೇ, ಆ ತಾಯಿಯನ್ನು ನೆನೆದರೆ ಕರುಳು ಕಿತ್ತುಬರುತ್ತದೆ. ಆದರೆ ಆತನನ್ನು ಕರೆದೊಯ್ದ ಮೀನುಗಾರರು ಜೈಲು ಸೇರಿದ್ದನ್ನು ಬೋಧಕರು ಒಂದು ಮಾತಿನಲ್ಲೂ ಹೇಳಲಿಲ್ಲ. ಮಗನನ್ನು ಕಳೆದುಕೊಂಡ ಕುಟುಂಬವೇ, ಕೊಂದವರನ್ನು ಕ್ಷಮಿಸಿದ್ದೇವೆ, ಸಹಾಯ ಮಾಡಿದವರನ್ನು ಬಿಟ್ಟುಬಿಡಿ, ಆತ ಸ್ವಂತ ಇಚ್ಛೆಯಿಂದ ಹೋದವನು ಎಂದು ಬಹಿರಂಗವಾಗಿ ಕೇಳಿಕೊಂಡಿತು. ಕೈ ಎತ್ತಿದ ಆ ಮಕ್ಕಳ ತಂದೆತಾಯಿಯರಲ್ಲಿ ಹಲವರು ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದೀರಿ. ಪೋರ್ಟ್‌ಮನ್ ಹಿಡಿದು ತಂದ ನಾಲ್ವರು ಮಕ್ಕಳ ಕಥೆಯನ್ನು ಈ ವಾರವೇ ನಿಮ್ಮ ಮಕ್ಕಳಿಗೆ ಹೇಳಿ. ಸಭಾಪಾಲಕರ ಹತ್ತಿರ ನಾನೇ ಮಾತನಾಡುತ್ತೇನೆ.