ಅಣ್ಣಂಗೆ ಮರ ಕಂಡ್ರೆ ಪ್ರಾಣ

ನಮ್ಮ ರಸ್ತೆಯ ಹೊಂಗೆ ಮರದಲ್ಲಿ ಮೊನ್ನೆಯಿಂದ ಒಂದು ಫ್ಲೆಕ್ಸ್ ನೇತಾಡುತ್ತಿದೆ. ನಮ್ಮ ವಾರ್ಡಿನ ಟಿಕೆಟ್ ಆಕಾಂಕ್ಷಿ ಅಣ್ಣ ಕೈ ಮುಗಿದು ನಿಂತಿದ್ದಾರೆ. ಹಿಂದೆ ಯಾವುದೋ ಜಲಪಾತ, ಮೇಲೆ 'ಹಸಿರೇ ಉಸಿರು', ಕೆಳಗೆ ಅಂಚೆಚೀಟಿ ಗಾತ್ರದ ಹಿಂಬಾಲಕರು. ಅಣ್ಣನ ಮುಖಕ್ಕೆ ಅಡ್ಡ ಬರುತ್ತಿದ್ದ ಕೊಂಬೆಗಳನ್ನು ಕಡಿದು ಮರದ ಬುಡದಲ್ಲೇ ಒಟ್ಟಿದ್ದಾರೆ. ಗೊಬ್ಬರ ಆಗಲಿ ಅಂತಿರಬೇಕು. ಕಾಳಜಿ ಅಂದ್ರೆ ಇದು ನೋಡಿ.

2016ರಲ್ಲಿ ರಾಜ್ಯ ನಿಷೇಧಿಸಿದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ. 2018ರಲ್ಲಿ ಹೈಕೋರ್ಟ್ ಗದರಿದಾಗ ಊರೆಲ್ಲ ಒಮ್ಮೆ ಬೋಳಾಗಿತ್ತು. ಪಾಪ, ಹಿಂದೆ ಕಟ್ಟಡಗಳಿವೆ ಅಂತ ಜನಕ್ಕೆ ಗೊತ್ತಾಗಿದ್ದೇ ಆಗ.

ಬೆಂಗಳೂರಿನವರು ಕಾರ್ಪೊರೇಟರ್‌ಗಳನ್ನು ಆರಿಸಿದ್ದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಅವರ ಅವಧಿ ಮುಗಿಯಿತು. ಆಮೇಲೆ ವಾರ್ಡುಗಳನ್ನು ಕೂಡಿದರು, ಕಳೆದರು, 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಇಷ್ಟು ವರ್ಷ ಟಿಕೆಟ್ ಆಕಾಂಕ್ಷಿಗಳು ಏನು ಮಾಡುತ್ತಿದ್ದರು ಅಂತೀರಾ? ಗಿಡ ನೆಡುತ್ತಿದ್ದರು.

ಜೂನ್ 5ರ ಪರಿಸರ ದಿನಕ್ಕೆ ಪಾರ್ಕಿನಲ್ಲಿ ಗುಂಡಿ ರೆಡಿ ಇರುತ್ತದೆ. ಹೋದ ವರ್ಷದ್ದೇ ಗುಂಡಿ, ಹೊಸದಾಗಿ ತೋಡೋ ಶ್ರಮ ಇಲ್ಲ. ಸಸಿ ಒಂದು, ಹಿಡಿದ ಕೈ ಹದಿನಾಲ್ಕು. ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಎಲ್ಲ ಹೋದ ಮೇಲೆ ಬಗ್ಗಿ ನೋಡಿದೆ. ನರ್ಸರಿಯ ಕಪ್ಪು ಕವರ್ ಸಮೇತ ನೆಟ್ಟಿದ್ದಾರೆ! ಮೊದಲು ತಪ್ಪು ಅನ್ನಿಸಿತು. ಆಮೇಲೆ ಅದರ ಹಿಂದಿನ ಜಾಣತನ ಹೊಳೆಯಿತು. ಗಿಡ ಬೇರು ಬಿಟ್ಟುಕೊಂಡರೆ ಮುಂದಿನ ವರ್ಷಕ್ಕೆ ಗುಂಡಿ ಎಲ್ಲಿಂದ ತರೋದು, ಅಲ್ವಾ?

ಕೆರೆ ವಿಷಯದಲ್ಲಂತೂ ಎಲ್ಲ ಪಕ್ಷದವರದ್ದೂ ಒಂದೇ ಮಾತು, ಕೆರೆ ಉಳಿಸಬೇಕು. ಯಾವ ಕೆರೆ ಅಂತ ಮಾತ್ರ ಕೇಳಬಾರದು. ಧರ್ಮಾಂಬುಧಿ ಕೆರೆಯಲ್ಲಿ ಈಗ ಮೆಜೆಸ್ಟಿಕ್ ಬಸ್ಸು ಹತ್ತುತ್ತೇವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಇದೆ. ಉಳಿದುಕೊಂಡ ಬೆಳ್ಳಂದೂರು 2017ರಲ್ಲಿ ಹೊತ್ತಿಕೊಂಡಿತು, 2018ರಲ್ಲಿ ಮತ್ತೆ. ವರ್ತೂರಿನ ನೊರೆ ರಸ್ತೆಗೇ ಬಂದು ಬೈಕಿನವರ ಮುಖಕ್ಕೆ ಮೆತ್ತಿಕೊಂಡಿತು. ಕಾಶ್ಮೀರಕ್ಕೆ ಹೋಗೋ ಖರ್ಚು ಉಳಿಯಿತು. ಇಂಥ ಕೊಡುಗೆಗಳನ್ನು ಪ್ರಣಾಳಿಕೆಯಲ್ಲಿ ಹಾಕಿಕೊಳ್ಳೋಕೆ ಅಣ್ಣಂದಿರಿಗೆ ಯಾಕಿಷ್ಟು ಸಂಕೋಚವೋ.

ಮಳೆನೀರು ಹರಿಯೋ ರಾಜಕಾಲುವೆ ಅಂದರೆ ಮಾತ್ರ ಗಂಟಲು ಕಟ್ಟುತ್ತದೆ. ವೋಟು ಕೇಳೋಕೆ ಬಂದ ಆಕಾಂಕ್ಷಿಯೊಬ್ಬರನ್ನು ಕೇಳಿದೆ, ಒತ್ತುವರಿ ತೆಗೆಸ್ತೀರಾ ಅಂತ. 'ಸಾರ್, ಅದು ಟೆಕ್ನಿಕಲ್ ಮ್ಯಾಟರು, ಸರ್ವೆ ಆಗ್ಬೇಕು' ಅಂದರು. ಪಕ್ಕದ ಹುಡುಗ ಕರಪತ್ರ ಕೈಗಿಟ್ಟು, 'ಅಣ್ಣಂಗೆ ಮರ ಕಂಡ್ರೆ ಪ್ರಾಣ ಸಾರ್' ಅಂದ. 2022ರ ಸೆಪ್ಟೆಂಬರಿನಲ್ಲಿ ಮಳೆಗೆ ರಸ್ತೆಗಳೆಲ್ಲ ಮುಳುಗಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗಲೂ ಹೀಗೇ ಆಯಿತು. ಜೆಸಿಬಿ ನಾಲ್ಕು ದಿನ ಅಬ್ಬರಿಸಿತು. ದೊಡ್ಡ ಕಾಂಪೌಂಡುಗಳ ಸರದಿ ಬಂದಾಗ ಮಾತು ಸರ್ವೆ ಕಡೆ ತಿರುಗಿತು.

ನಿಜ ಹೇಳಬೇಕಂದ್ರೆ ತಮಾಷೆ ಮಾಡಿ ಮಾಡಿ ಸಾಕಾಗಿದೆ. ಜೋರು ಮಳೆ ಬಂದರೆ ಅದೇ ಬೇಸ್‌ಮೆಂಟು, ಅದೇ ಬಾಡಿಗೆ ಪಂಪು. ಚರಂಡಿ ನೀರು ನುಗ್ಗಿದ ಸಂಪನ್ನು ದುಡ್ಡು ಕೊಟ್ಟು ತೊಳೆಸಬೇಕು, ಟ್ಯಾಂಕರ್ ತರಿಸಬೇಕು. ಆಮೇಲೆ ಇವರು ಹಂಚೋ ಬಟ್ಟೆ ಚೀಲ ಇಸ್ಕೊಂಡು ಫೋಟೋಗೆ ಹಲ್ಲು ಕಿರಿಯಬೇಕು. ಕಾಲುವೆ ಮೇಲೆ ಕಟ್ಟಿದವರು ಯಾರು, ಕಣ್ಣು ಮುಚ್ಚಿಕೊಂಡವರು ಯಾರು ಅಂತ ವಾರ್ಡಿನ ಟೀ ಅಂಗಡಿಯವನಿಗೂ ಗೊತ್ತು.

ನಾಮಪತ್ರದ ಜೊತೆ ಕೊಡೋ ಅಫಿಡವಿಟ್ಟಿನಲ್ಲಿ ಹೆಂಡತಿಯ ಚಿನ್ನದ ಲೆಕ್ಕ ಬರೆಯಬೇಕು, ಮೈಮೇಲಿರೋ ಕೇಸುಗಳನ್ನು ಬರೆಯಬೇಕು. ಅಭ್ಯರ್ಥಿಯ ಕಟ್ಟಡ ಯಾವ ಕಾಲುವೆ ಮೇಲೆ ಕೂತಿದೆ ಅನ್ನೋದಕ್ಕೆ ಮಾತ್ರ ಕಾಲಂ ಇಲ್ಲ. ಇದ್ದಿದ್ದರೂ 'ಅನ್ವಯಿಸುವುದಿಲ್ಲ' ಅಂತ ತುಂಬಿ, ನೋಟರಿ ಸೀಲು ಹಾಕಿಸಿ, ಅಣ್ಣ ಮೆರವಣಿಗೆಯಲ್ಲೇ ಹೋಗಿ ಸಲ್ಲಿಸಿ ಬರುತ್ತಿದ್ದರು.